ಸಣ್ಣ ಬಚ್ಚಲಮನೆಗೆ ನೀಲಿ-ಹಳದಿ ಬಣ್ಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿ-ಧಾರವಾಡದ ಹಳೇ ಓಣಿಗಳಲ್ಲಿ ಬಚ್ಚಲಮನೆ ಅಂದರೆ 4 ಅಡಿ ಅಗಲ, 6 ಅಡಿ ಉದ್ದ. ಅದರಲ್ಲೇ ನೀರಿನ ಡ್ರಮ್ಮು, ಬಕೆಟ್ಟು, ಮಣೆ, ಸೋಪಿನ ಗೂಡು. ಅಂಥ ಮನೆಗಳ ದುರಸ್ತಿ ಕೆಲಸ ಮಾಡಿಸುವುದು ನನ್ನ ಉದ್ಯೋಗ. ಈಚೆಗೆ ನೀಲಿ-ಹಳದಿ ಜೋಡಿಯನ್ನು ತುಂಬಾ ಜನ ಕೇಳುತ್ತಿದ್ದಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಬರೆದಿದ್ದೇನೆ.

ನೀಲಿ, ಹಳದಿ ಎರಡೂ ಸೇರಿದರೆ ಕಣ್ಣಿಗೆ ಹೊಡೆಯುವುದಿಲ್ಲವೇ?

ಎರಡನ್ನೂ ಸಮಸಮ ಹಾಕಿದರೆ ಖಂಡಿತ ಹೊಡೆಯುತ್ತದೆ. ಒಂದು ಜಾಸ್ತಿ, ಒಂದು ಕಡಿಮೆ ಇರಬೇಕು. ಗದಗದ ಕಡೆ ಸೂರ್ಯಕಾಂತಿ ಹೊಲ ನೋಡಿರುತ್ತೀರಿ ಅಲ್ವಾ? ಮೇಲೆ ಇಡೀ ಆಕಾಶ, ಕೆಳಗೆ ಒಂದು ಪಟ್ಟಿ ಹಳದಿ. ಅದು ಯಾರ ಕಣ್ಣಿಗೂ ಹೊಡೆಯುವುದಿಲ್ಲ.

ಈ ಬಣ್ಣಗಳು ನಮ್ಮ ಮನೆಗಳಿಗೆ ಹೊಸವೂ ಅಲ್ಲ. ಸುಣ್ಣ ಹೊಡೆಯುವಾಗ ಅದಕ್ಕೆ ನೀಲಿ ಪುಡಿ ಕಲಸುತ್ತಿದ್ದರು. ಹೊಸ್ತಿಲಿಗೆ ಅರಿಶಿನ ಹಚ್ಚುತ್ತಿದ್ದರು. ತಿಳಿ ನೀಲಿ ಗೋಡೆ, ಹಳದಿ ಹೊಸ್ತಿಲು ನೋಡಿ ಬೆಳೆದ ಕಣ್ಣು ನಮ್ಮದು.

ಎಲ್ಲಿಂದ ಶುರು ಮಾಡಬೇಕು?

ಡ್ರಮ್ಮಿನಿಂದ. ಟೈಲ್ಸ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಬಚ್ಚಲಿನ ಬಾಗಿಲಲ್ಲಿ ನಿಂತು ಒಳಗೆ ನೋಡಿ. ಕಣ್ಣಿಗೆ ಮೊದಲು ಬೀಳುವುದು ಗೋಡೆಯಲ್ಲ, ಸಾಮಾನು. ನಮ್ಮೂರಲ್ಲಿ ನಳಕ್ಕೆ ನೀರು ಬಂದ ದಿನ ತುಂಬಿಟ್ಟುಕೊಂಡು, ಮುಂದಿನ ಸರದಿಯವರೆಗೆ ಬಳಸುವ ರೂಢಿ. ಹಾಗಾಗಿ ಎಷ್ಟೋ ಮನೆಗಳ ಬಚ್ಚಲಲ್ಲಿ 200 ಲೀಟರಿನ ನೀಲಿ ಡ್ರಮ್ಮು ನಿಂತಿರುತ್ತದೆ. ಸುಮಾರು 3 ಅಡಿ ಎತ್ತರ, 2 ಅಡಿಗೆ ಸ್ವಲ್ಪ ಕಡಿಮೆ ಅಗಲ. 24 ಚದರಡಿ ನೆಲದಲ್ಲಿ ಎಂಟನೇ ಒಂದು ಪಾಲು ಹತ್ತಿರ ಅದೇ ತಿನ್ನುತ್ತದೆ.

ಅಂದರೆ ನಿಮ್ಮ ಗಾಢ ನೀಲಿ ಈಗಾಗಲೇ ಒಳಗಿದೆ. ಅದನ್ನು ಮುಚ್ಚಿಡಲು ಒದ್ದಾಡಬೇಡಿ, ಅದನ್ನೇ ಮುಖ್ಯ ಮಾಡಿಕೊಳ್ಳಿ. ಅದರ ಹಿಂದಿನ ಗೋಡೆ ಅದೇ ನೀಲಿಯ ತಿಳಿ ಛಾಯೆ ಇರಲಿ. ಮೇಲೆ ಹಳದಿ ಮುಚ್ಚಳ, ಪಕ್ಕದಲ್ಲಿ ಹಳದಿ ಚೊಂಬು. ಇಷ್ಟಕ್ಕೇ ಅರ್ಧ ಕೆಲಸ ಮುಗಿಯಿತು. ಮುಚ್ಚಳ ಬರೀ ಅಂದಕ್ಕಲ್ಲ. ಡೆಂಗ್ಯೂ ಸೊಳ್ಳೆ ಮೊಟ್ಟೆ ಇಡುವುದು ಇಂಥ ನಿಂತ ನೀರಿನಲ್ಲೇ. ಚಿಕ್ಕ ಮಕ್ಕಳಿರುವ ಮನೆಯಲ್ಲಂತೂ ಬಿಗಿ ಮುಚ್ಚಳ ಬೇಕೇ ಬೇಕು. ಇನ್ನೊಂದು ಮಾತು: ಕಾರ್ಖಾನೆಯ ರಾಸಾಯನಿಕ ತುಂಬಿದ್ದ ಹಳೇ ಡ್ರಮ್ಮು ಅಗ್ಗಕ್ಕೆ ಸಿಗುತ್ತದೆ ಅಂತ ತರಬೇಡಿ. ಎಷ್ಟು ತೊಳೆದರೂ ಅದು ಮೈಗೆ ಹಾಕಿಕೊಳ್ಳುವ ನೀರಿಗೆ ತಕ್ಕದ್ದಲ್ಲ.

ಯಾವ ಬಣ್ಣ ಎಷ್ಟಿರಬೇಕು?

ನಾನು ಹಾಕಿಸುವ ಲೆಕ್ಕ ಹೀಗಿದೆ. ಹತ್ತು ಪಾಲಿನಲ್ಲಿ ಆರು ಪಾಲು ತಿಳಿ ನೀಲಿ, ಎರಡು ಪಾಲು ಬಿಳಿ, ಒಂದು ಪಾಲು ಗಾಢ ನೀಲಿ, ಒಂದು ಪಾಲು ಹಳದಿ. ತಿಳಿ ನೀಲಿ ಗೋಡೆಯನ್ನು ಹಿಂದಕ್ಕೆ ತಳ್ಳಿದ ಹಾಗೆ ಕಾಣಿಸುತ್ತದೆ. ಹಳದಿ ಮುಂದಕ್ಕೆ ಬರುತ್ತದೆ. ಅದಕ್ಕೇ ಸಣ್ಣ ಕೋಣೆಯಲ್ಲಿ ನಾಲ್ಕೂ ಗೋಡೆಗೆ ಹಳದಿ ಬೇಡ ಅನ್ನುತ್ತೇನೆ. ಗೋಡೆ ಮೈಮೇಲೆ ಬಂದ ಹಾಗಾಗುತ್ತದೆ. ಬಿಳಿಗೆ ನೀವು ಬೇರೆ ಖರ್ಚು ಮಾಡಬೇಕಿಲ್ಲ. ಛಾವಣಿ, ಕಮೋಡು, ವಾಶ್‌ಬೇಸಿನ್ ಸೇರಿದರೆ ಆ ಎರಡು ಪಾಲು ತಾನೇ ತುಂಬುತ್ತದೆ.

ಹಳದಿಯಲ್ಲೂ ಜಾತಿ ಇದೆ. ನಿಂಬೆ ಹಳದಿ ನೀಲಿಯ ಪಕ್ಕ ಹಸಿರಿಗೆ ಎಳೆಯುತ್ತದೆ, ಒಂಥರಾ ಆಸ್ಪತ್ರೆ ಕಳೆ ಬರುತ್ತದೆ. ಸಾಸಿವೆ ಹಳದಿ ಬೆಳಕು ಕಡಿಮೆ ಇದ್ದಲ್ಲಿ ಕೊಳೆಯಾದಂತೆ ಕಾಣುತ್ತದೆ. ನನಗೆ ಮೆಚ್ಚಿನದು ಧಾರವಾಡದ ಆಪೂಸ್ ಹಣ್ಣು ಕೊಯ್ದಾಗ ಕಾಣುವ ಬಣ್ಣ. ಅದರಲ್ಲಿ ಚೂರು ಕೆಂಪು ಇದೆ. ಆ ಕೆಂಪೇ ತಿಳಿ ನೀಲಿಗೆ ಜೀವ ಕೊಡುತ್ತದೆ.

ಗಾಢ ನೀಲಿ ಹೊಳಪಿನ ಟೈಲ್ಸ್ ತುಂಬಾ ಚೆನ್ನಾಗಿ ಕಾಣುತ್ತದೆ. ಪೂರ್ತಿ ಅದನ್ನೇ ಹಾಕಿಸಬಹುದೇ?

ನಾನೇ ನಮ್ಮ ಮನೆಗೆ ಹಾಕಿಸಿ ಅನುಭವಿಸಿದ್ದೇನೆ, ಹಾಗಾಗಿ ಬೇಡ ಅನ್ನುತ್ತೇನೆ. ಅಂಗಡಿಯಲ್ಲಿ ಆ ಟೈಲ್ಸ್ ಶಾಯಿ ಬಾಟಲಿಯ ಹಾಗೆ ಹೊಳೆಯುತ್ತಿತ್ತು. ಅಂಗಡಿಯವರು ಒರೆಸಿದರೆ ಸಾಕು ಅಂದರು. ಹಾಕಿಸಿ ಒಂದು ತಿಂಗಳಿಗೆ, ಸೊಂಟದಿಂದ ಕೆಳಗೆ ಪೂರ್ತಿ ಬಿಳಿ ಚುಕ್ಕೆ. ಹತ್ತಿರ ಹೋಗಿ ನೋಡಿದರೆ ಪ್ರತಿ ಚುಕ್ಕೆಯೂ ಒಂದು ಹನಿ. ಹನಿಯ ನಡುವೆ ಖಾಲಿ, ಅಂಚಿಗೆ ಬಿಳಿ ಉಂಗುರ. ಉಗುರಿನಿಂದ ಕೆರೆದರೆ ಪುಡಿ ಬರುತ್ತಿತ್ತು. ನನ್ನ ತಾಯಿ ದಿನಾ ಸ್ನಾನವಾದ ಮೇಲೆ ಹಳೇ ಟವೆಲ್ಲಿನಿಂದ ಗೋಡೆ ಒರೆಸುತ್ತಿದ್ದರು. ಅರವತ್ತು ದಾಟಿದವರು ಬಗ್ಗಿ ಗೋಡೆ ಒರೆಸುವುದನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಕೊನೆಗೆ ಕೆಳಗಿನ ಮೂರು ಸಾಲು ಕೀಳಿಸಿ ತಿಳಿ ಬಣ್ಣದ್ದು ಹಾಕಿಸಿದೆ.

ಕಾರಣ ನೀರು. ನಳದಲ್ಲಿ ಬರುವ ಮಲಪ್ರಭೆಯ ನೀರು ಮೆದು. ಆದರೆ ಅದು ಸಾಲದೆ ನಾವು ಬೋರಿನ ನೀರು ಬಳಸುತ್ತೇವೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಹನಿ ಆರಿದಾಗ ನೀರು ಹೋಗುತ್ತದೆ, ಸುಣ್ಣ ಉಳಿಯುತ್ತದೆ. ತಿಳಿ ನೀಲಿಯ ಮೇಲೂ ಅದು ಕೂರುತ್ತದೆ, ಆದರೆ ಅಷ್ಟು ಎದ್ದು ಕಾಣುವುದಿಲ್ಲ. ಬೋರಿನ ನೀರಿನಲ್ಲಿ ಕಬ್ಬಿಣ ಇದ್ದರೆ ಕೆಂಪು-ಕಂದು ಗೆರೆ ಇಳಿಯುತ್ತದೆ. ಅದನ್ನು ಆಪೂಸ್ ಹಳದಿ ಚೆನ್ನಾಗಿ ಮರೆಸುತ್ತದೆ. ನಳದ ಕೆಳಗಿನ ಭಾಗಕ್ಕೆ ಹಳದಿ ಪಟ್ಟಿ ಇಳಿಸುವುದು ಇದೇ ಕಾರಣಕ್ಕೆ.

ಗಾಢ ನೀಲಿ ಬೇಕೇ ಬೇಕು ಅಂದರೆ ನೀರು ಸಿಡಿಯದ ಕಡೆ ಹಾಕಿ. ಬಾಗಿಲ ಪಕ್ಕದ ಗೋಡೆ, ಕನ್ನಡಿಯ ಸುತ್ತ, ಅಥವಾ 5 ಅಡಿಯಿಂದ ಮೇಲೆ. ಶವರ್ ಇದ್ದರೆ ಆ ಮೂಲೆಯಲ್ಲಿ ಮೇಲೂ ಬೇಡ.

ಈಗಾಗಲೇ ಬಿಳಿ ಕಲೆ ಆಗಿದೆ. ಆ್ಯಸಿಡ್ ಹಾಕಲೇ?

ಬೇಡ. ಆ್ಯಸಿಡ್ ಕಲೆಯ ಜೊತೆ ಟೈಲ್ಸ್ ಸಂದಿಗೆ ತುಂಬುವ ಸಿಮೆಂಟಿನ ಗ್ರೌಟನ್ನೂ ತಿನ್ನುತ್ತದೆ, ನಳದ ಹೊಳಪನ್ನೂ ತೆಗೆಯುತ್ತದೆ. ಗ್ರೌಟ್ ಸವೆದ ಸಂದಿಯಿಂದ ನೀರು ಇಳಿದು, ಪಕ್ಕದ ಕೋಣೆಯ ಗಿಲಾವ್ ಉಬ್ಬಿದ್ದನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ.

ಬಿಳಿ ವಿನೆಗರ್‌ಗೆ ಅಷ್ಟೇ ನೀರು ಸೇರಿಸಿ. ಬಟ್ಟೆ ಅದ್ದಿ ಕಲೆಯ ಮೇಲೆ ಹತ್ತು ನಿಮಿಷ ಅಂಟಿಸಿಡಿ. ಆಮೇಲೆ ಉಜ್ಜಿ, ಜಾಸ್ತಿ ನೀರು ಹಾಕಿ ತೊಳೆಯಿರಿ. ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್) ನೀರಲ್ಲಿ ಕರಗಿಸಿಯೂ ಹಚ್ಚಬಹುದು. ಗ್ರೌಟಿನ ಮೇಲೆ ಇದನ್ನೂ ಜಾಸ್ತಿ ಹೊತ್ತು ಬಿಡಬೇಡಿ. ಬ್ಲೀಚಿಂಗ್ ಪುಡಿಯ ಜೊತೆ ಆ್ಯಸಿಡ್ ಆಗಲಿ, ವಿನೆಗರ್ ಆಗಲಿ ಯಾವತ್ತೂ ಕೂಡಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. 4×6 ಅಡಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತೊಳೆಯುವವರಿಗೆ ಅದು ಪ್ರಾಣಕ್ಕೇ ಕುತ್ತು.

ನಮ್ಮದು ಹಳೇ ಶಹಾಬಾದ್ ಕಲ್ಲಿನ ನೆಲ. ಅದನ್ನು ತೆಗೆಸಬೇಕೇ?

ಕಲ್ಲು ಗಟ್ಟಿಯಾಗಿದ್ದರೆ, ನೀರು ನಿಲ್ಲದಿದ್ದರೆ ತೆಗೆಸಬೇಡಿ. ಆ ಬೂದು ಬಣ್ಣ ನೀಲಿ-ಹಳದಿ ಎರಡಕ್ಕೂ ಹೊಂದುತ್ತದೆ. ಹೊಸ ಟೈಲ್ಸ್ ಕೊಡದ ಗಾಂಭೀರ್ಯ ಅದಕ್ಕಿದೆ. ಸಂದಿಗಳನ್ನು ಹೊಸದಾಗಿ ತುಂಬಿಸಿದರೆ ಸಾಕು. ಆದರೆ ನೆನಪಿಡಿ, ಶಹಾಬಾದ್ ಸುಣ್ಣದ ಕಲ್ಲು. ಆ್ಯಸಿಡ್ ಬಿದ್ದರೆ ಬುರುಬುರು ನೊರೆ ಎದ್ದು ಮೇಲ್ಮೈ ಕರಗುತ್ತದೆ. ವಿನೆಗರ್ ಕೂಡ ತಾಗಬಾರದು. ಸೋಪಿನ ನೀರು, ಗಟ್ಟಿ ಬ್ರಷ್ ಅಷ್ಟೇ.

ಹೊಸ ನೆಲ ಹಾಕಿಸುವವರಿಗೆ ಒಂದೇ ಮಾತು: ಜಾರದ ಮ್ಯಾಟ್ ಟೈಲ್ಸ್, 1 ಅಡಿಗಿಂತ ದೊಡ್ಡದು ಬೇಡ. ಸಣ್ಣ ಟೈಲ್ಸ್‌ನಲ್ಲಿ ಸಂದಿ ಜಾಸ್ತಿ, ಕಾಲಿಗೆ ಹಿಡಿತ ಸಿಗುತ್ತದೆ. ಜಾಲರಿಯ ಕಡೆ ಇಳಿಜಾರು ಕೊಡುವುದೂ ಸುಲಭ. 6 ಅಡಿ ಉದ್ದಕ್ಕೆ ಮುಕ್ಕಾಲರಿಂದ 1 ಇಂಚು ಇಳಿಜಾರು ಇರಬೇಕು. ಟೈಲ್ಸ್ ಕೂರಿಸುವ ಮೊದಲು ಗೌಂಡಿಯ ಎದುರೇ ಒಂದು ಚೊಂಬು ನೀರು ಸುರಿದು ನೋಡಿ.

ಅಂಗಡಿಯಲ್ಲಿ ಕಂಡ ಬಣ್ಣ ಮನೆಯಲ್ಲಿ ಬೇರೆಯೇ ಕಾಣುತ್ತದೆ. ಯಾಕೆ?

ಬೆಳಕು ಬೇರೆ, ಅದಕ್ಕೆ. ಅಂಗಡಿಯಲ್ಲಿ ತಲೆ ಮೇಲೆ ಸಾಲು ಸಾಲು ದೀಪ. ನಿಮ್ಮ ಬಚ್ಚಲಿನಲ್ಲಿ ಒಂದು ಬಲ್ಬು, ಒಂದು ಗವಾಕ್ಷಿ. ಎಲ್‌ಇಡಿ ಡಬ್ಬಿಯ ಮೇಲೆ ಕೆ (K) ಅಕ್ಷರದ ಜೊತೆ ಒಂದು ಅಂಕಿ ಇರುತ್ತದೆ, ಅದು ಬೆಳಕಿನ ಬಣ್ಣ ಹೇಳುತ್ತದೆ. 3000 ಕೆ ಹಳದಿ ಬೆಳಕು. ಅದರಲ್ಲಿ ಹಳದಿ ಬಂಗಾರದ ಹಾಗೆ ಕಾಣುತ್ತದೆ, ನೀಲಿ ಮಂಕಾಗಿ ಹಸಿರಿಗೆ ತಿರುಗುತ್ತದೆ. 6500 ಕೆ ಬಿಳಿ ಬೆಳಕಿನಲ್ಲಿ ನೀಲಿ ಚುರುಕು, ಹಳದಿ ಪೇಲವ. ಈ ಜೋಡಿಗೆ 4000 ಕೆ ಸರಿ. 4×6 ಅಡಿಗೆ 9 ವ್ಯಾಟಿನ ಒಂದು ಬಲ್ಬು ಸಾಕು. ಅದನ್ನು ಬಾಗಿಲ ಮೇಲೆ ಹಾಕುವ ಬದಲು ಕನ್ನಡಿಯ ಮೇಲೆ ಹಾಕಿಸಿ. ನೀರು ಒಳಗೆ ಹೋಗದಂಥ ಮುಚ್ಚಿದ ದೀಪವೇ ಇರಲಿ.

ಖರೀದಿಗೆ ಮುಂಚೆ ಒಂದೊಂದು ಟೈಲ್ಸ್ ಮನೆಗೆ ತನ್ನಿ. ಬೆಳಿಗ್ಗೆ ಏಳಕ್ಕೆ ಒಮ್ಮೆ, ರಾತ್ರಿ ದೀಪ ಹಾಕಿ ಒಮ್ಮೆ ನೋಡಿ. ಅದರ ಮೇಲೆ ನಿಮ್ಮ ಮನೆಯ ನೀರು ಚಿಮುಕಿಸಿ, ಆರಲು ಬಿಡಿ. ಕಲೆ ಹೇಗೆ ಕಾಣುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಗವಾಕ್ಷಿಯೇ ಇಲ್ಲದ ಬಚ್ಚಲು ಆದರೆ ಗಾಢ ನೀಲಿಯನ್ನು ಡ್ರಮ್ಮು, ಬಕೆಟ್ಟಿಗೆ ಬಿಟ್ಟುಬಿಡಿ. ಗೋಡೆಗೆ ಬೇಡ.

ಎಷ್ಟು ಟೈಲ್ಸ್ ಬೇಕಾಗುತ್ತದೆ?

4×6 ಅಡಿಯ ಕೋಣೆಯ ಸುತ್ತಳತೆ 20 ಅಡಿ. 7 ಅಡಿ ಎತ್ತರದವರೆಗೆ ಹಾಕಿದರೆ 140 ಚದರಡಿ. ಎರಡೂವರೆ ಅಡಿ ಬಾಗಿಲು ಕಳೆದರೆ 122. ಒಡೆಯುವುದಕ್ಕೆ, ಕತ್ತರಿಸುವುದಕ್ಕೆ ಹತ್ತರಲ್ಲಿ ಒಂದು ಪಾಲು ಸೇರಿಸಿ, 135 ಅಂದುಕೊಳ್ಳಿ. 12×18 ಇಂಚಿನ ಟೈಲ್ಸ್ ಒಂದೂವರೆ ಚದರಡಿ. ಅಲ್ಲಿಗೆ 90 ಬೇಕು. ಅಡ್ಡಕ್ಕೆ ಕೂರಿಸಿದರೆ ಬಾಗಿಲು ಬಿಟ್ಟು ಸುತ್ತಲೂ ಒಂದು ಸಾಲಿಗೆ 12 ಟೈಲ್ಸ್. ಹಳದಿ ಒಂದೇ ಸಾಲು ಅಂದರೆ 12 ಹಳದಿ, ಉಳಿದದ್ದು ನೀಲಿ. ನೆಲ 24 ಚದರಡಿ, 1 ಅಡಿಯ 27 ಟೈಲ್ಸ್ ಸಾಕು.

ಎಲ್ಲಾ ಡಬ್ಬಿಗಳ ಬ್ಯಾಚ್ ನಂಬರ್ ಒಂದೇ ಇದೆಯೇ ನೋಡಿ. ನೀಲಿಯಲ್ಲಿ ಬ್ಯಾಚ್ ಬದಲಾದರೆ ಬಣ್ಣದ ವ್ಯತ್ಯಾಸ ಗೋಡೆ ಮೇಲೆ ಎದ್ದು ಕಾಣುತ್ತದೆ. ನಾಲ್ಕೈದು ಟೈಲ್ಸ್ ಮಂಚದ ಕೆಳಗೆ ಎತ್ತಿಡಿ. ನಾಳೆ ಪೈಪು ಸೋರಿ ಒಂದು ಕಡೆ ಒಡೆಯಬೇಕಾದರೆ ಅದೇ ಬಣ್ಣ ಮತ್ತೆ ಸಿಗುವುದು ಕಷ್ಟ.

ಗ್ರೌಟ್ ಯಾವ ಬಣ್ಣದ್ದು?

ಬಿಳಿ ಬೇಡ. ನಮ್ಮ ಮನೆಗಳಲ್ಲಿ ಅರಿಶಿನ ಹಚ್ಚಿ ಸ್ನಾನ ಮಾಡುವವರಿದ್ದಾರೆ. ಬಿಳಿ ಸಿಮೆಂಟು ಅದನ್ನು ಹೀರಿಕೊಳ್ಳುತ್ತದೆ. ಸೋಪು ತಾಗಿದರೆ ಆ ಹಳದಿ ಕೆಂಪಾಗಿ ತಿರುಗುತ್ತದೆ, ರಕ್ತದ ಕಲೆಯೇನೋ ಅನ್ನಿಸುವಷ್ಟು. ಬಿಸಿಲು ಬಿದ್ದರೆ ಅರಿಶಿನ ಮಾಸುತ್ತದೆ, ಆದರೆ ಬಚ್ಚಲಿಗೆ ಬಿಸಿಲೆಲ್ಲಿ? ನೀಲಿ ಟೈಲ್ಸ್ ಮಧ್ಯೆ ತಿಳಿ ಬೂದು, ಹಳದಿ ಟೈಲ್ಸ್ ಮಧ್ಯೆ ಹಳದಿ ಗ್ರೌಟ್ ಹಾಕಿಸಿ. ಎಪಾಕ್ಸಿ ಗ್ರೌಟ್ ನೀರನ್ನೂ ಬಣ್ಣವನ್ನೂ ಹೀರುವುದಿಲ್ಲ. ದುಬಾರಿ, ನಿಜ. ಪೂರ್ತಿ ಆಗದಿದ್ದರೆ ನೆಲಕ್ಕೆ ಮತ್ತು ಗೋಡೆಯ ಕೆಳಗಿನ 3 ಅಡಿಗೆ ಮಾತ್ರ ಹಾಕಿಸಿ.

ಟೈಲ್ಸ್ ಕೀಳದೆ ಬಣ್ಣ ಹಚ್ಚಬಹುದೇ?

ಟೈಲ್ಸ್ ಮೇಲೆ ಹಚ್ಚುವ ಎಪಾಕ್ಸಿ ಬಣ್ಣ ಸಿಗುತ್ತದೆ. ನೀರು ದಿನಾ ಬೀಳುವ ಕಡೆ ಅದು ಬಾಳುವುದು ಟೈಲ್ಸ್ ಎಷ್ಟು ಒರಟಾಗಿ ಉಜ್ಜಿ, ಎಷ್ಟು ಒಣಗಿಸಿ ಹಚ್ಚಿದ್ದೀರಿ ಅನ್ನುವುದರ ಮೇಲೆ. ಮನೆಯಲ್ಲಿ ಇರುವುದೇ ಒಂದು ಬಚ್ಚಲು ಆದರೆ ಅಷ್ಟು ದಿನ ಒಣಗಿಸಲು ಆಗುವುದಿಲ್ಲ, ಹಾಗಾಗಿ ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ.

ಟೈಲ್ಸ್‌ಗಿಂತ ಮೇಲಿನ ಗೋಡೆಗೆ ಧಾರಾಳವಾಗಿ ಹಚ್ಚಿ. ಪುಟ್ಟಿ ಬಿಳಿ ಸಿಮೆಂಟಿನದ್ದೇ ಇರಲಿ, ಅಕ್ರಿಲಿಕ್ ಪುಟ್ಟಿ ಹಬೆಗೆ ಉಬ್ಬುತ್ತದೆ. ಹೊಸ ಗಿಲಾವ್ ಆದರೆ 28 ದಿನ ಬಿಟ್ಟು ಹಚ್ಚಿ. ಹಳದಿ ಬಣ್ಣ ಹಿಂದಿನದನ್ನು ಬೇಗ ಮುಚ್ಚುವುದಿಲ್ಲ. ಕೆಳಗೆ ಬಿಳಿ ಪ್ರೈಮರ್ ಹಾಕಿ, ಮೇಲೆ ಮೂರು ಸಲ ಹಚ್ಚಬೇಕಾಗುತ್ತದೆ. ಪೇಂಟರ್ ಜೊತೆ ದರ ಮಾತಾಡುವಾಗಲೇ ಇದನ್ನು ಹೇಳಿಬಿಡಿ.

ಕಸೂತಿಯ ಹಾಗೆ ಬಾರ್ಡರ್ ಮಾಡಿಸಬಹುದೇ?

ಈ ಪ್ರಶ್ನೆ ಬಂದರೆ ನನಗೆ ಖುಷಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಹಾಗಾಗಿ ಚೌಕದ ಮೇಲೆ ಅದು ತಾನೇ ಕೂರುತ್ತದೆ. ಬಟ್ಟೆಯಲ್ಲಿ ಎಳೆ ಎಣಿಸಿದ ಹಾಗೆ ಗೋಡೆಯಲ್ಲಿ ಚೌಕ ಎಣಿಸಿದರಾಯಿತು.

ಅಂಗಡಿಗಳಲ್ಲಿ ಸುಮಾರು 1 ಇಂಚಿನ ಮೊಸಾಯಿಕ್ ಚೂರುಗಳ ಹಾಳೆ ಸಿಗುತ್ತದೆ. ಗಣಿತದ ಚೌಕಳಿ ಪುಸ್ತಕದಲ್ಲಿ ಮೊದಲು ಬರೆದುಕೊಳ್ಳಿ. ಮುರ್ಗಿ ಹೊಲಿಗೆ ಮೆಟ್ಟಿಲಿನ ಹಾಗೆ ಹತ್ತಿ ಇಳಿಯುತ್ತದೆ. ಒಂದು ಚೌಕ ಪಕ್ಕಕ್ಕೆ, ಒಂದು ಮೇಲಕ್ಕೆ. ಮೂರು ಮೆಟ್ಟಿಲು ಹತ್ತಿ, ಮೂರು ಇಳಿದರೆ ಒಂದು ಪುಟ್ಟ ಗೋಪುರ. ನೀಲಿ ಚೂರುಗಳ ಮಧ್ಯೆ ಆ ಮೆಟ್ಟಿಲಿಗೆ ಮಾತ್ರ ಹಳದಿ. 6 ಚೌಕ ಎತ್ತರದ ಪಟ್ಟಿ ಸಾಕು. ಮೆಂತ್ಯೆ ಹೊಲಿಗೆಯ ಅಡ್ಡ ಗುರುತು ಬೇಕಿದ್ದರೆ 5 ಚೌಕದಲ್ಲಿ ಒಂದು ಗುಣಾಕಾರ ಚಿಹ್ನೆ ಬರುತ್ತದೆ. ಗವಂತಿ ಹೊಲಿಗೆಯ ತೆಳು ಗೆರೆ ಮಾತ್ರ ಚೂರುಗಳಲ್ಲಿ ಬರುವುದಿಲ್ಲ, ಅದನ್ನು ಬಿಟ್ಟುಬಿಡಿ. ಆನೆ, ತೇರು ಬಿಡಿಸಲು ಹೋಗಬೇಡಿ. 4 ಅಡಿ ಗೋಡೆಯಲ್ಲಿ ಆನೆಗೆ ಜಾಗ ಸಾಲದು.

ಪಟ್ಟಿ ನಿಂತವರ ಕಣ್ಣಿನ ಮಟ್ಟಕ್ಕೆ ಬೇಡ. ನಾವು ಮಣೆ ಮೇಲೆ ಕೂತು ಸ್ನಾನ ಮಾಡುವವರು. ಕೂತಾಗ ಕಣ್ಣಿಗೆ ಬೀಳುವ ಹಾಗೆ ನೆಲದಿಂದ ಎರಡೂವರೆ-ಮೂರು ಅಡಿ ಎತ್ತರಕ್ಕೆ ಬರಲಿ. ಒಂದು ಮನೆಯಲ್ಲಿ ಹೀಗೆ ಮಾಡಿಸಿದ್ದೆ. ಆ ಮನೆಯ ಅಜ್ಜಿ ಮೆಟ್ಟಿಲುಗಳ ಮೇಲೆ ಬೆರಳು ಆಡಿಸುತ್ತಾ ಎಣಿಸಿ, ಒಂದು ಕಡೆ ಒಂದು ಚೌಕ ತಪ್ಪಿದ್ದನ್ನು ತೋರಿಸಿದರು. ಗೌಂಡಿ ಸಿಮೆಂಟು ಹಸಿ ಇರುವಾಗಲೇ ಅದನ್ನು ಸರಿ ಮಾಡಿದ.

ಜಮಖಾನೆಯ ವಿನ್ಯಾಸ ಇಷ್ಟಪಡುವವರು ನವಲಗುಂದದ್ದನ್ನು ನೋಡಿ. ಅದರ ಗೆರೆ-ಕೋನಗಳೂ ಟೈಲ್ಸ್‌ಗೆ ಚೆನ್ನಾಗಿ ಒಗ್ಗುತ್ತವೆ.

ಬಾಡಿಗೆ ಮನೆ. ಮೊಳೆ ಹೊಡೆಯುವ ಹಾಗಿಲ್ಲ. ಏನು ಮಾಡಲಿ?

ಬಕೆಟ್, ಚೊಂಬು, ಮಣೆ, ಸೋಪಿನ ಡಬ್ಬಿ, ಕಾಲೊರೆಸು. ಈ ಐದೂ ನೀಲಿ ಇಲ್ಲವೇ ಹಳದಿ ಮಾಡಿ. ಕೆಂಪು ಬಕೆಟ್ ಒಂದೇ ಸಾಕು ಎಲ್ಲಾ ಕೆಡಿಸಲು. ಗೋಡೆಗೆ ಅಂಟಿಸುವ ಸ್ಟಿಕ್ಕರ್ ಹಬೆಗೆ ಅಂಚಿನಿಂದ ಏಳುತ್ತದೆ, ಒಳಗೆ ನೀರು ನಿಂತು ವಾಸನೆ ಬರುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ. ಹಳೇ ಹಿತ್ತಾಳೆ ಚರಿಗೆ ಅಥವಾ ಹಿತ್ತಾಳೆ ಹಂಡೆ ಇದ್ದರೆ ಉಜ್ಜಿ ಹೊರಗಿಡಿ. ನೀಲಿ ಗೋಡೆಯ ಮುಂದೆ ಅದಕ್ಕಿಂತ ಒಳ್ಳೇ ಹಳದಿ ಇಲ್ಲ.

ಮನೆಯಲ್ಲಿ ವಯಸ್ಸಾದವರಿದ್ದಾರೆ. ಏನು ಗಮನಿಸಬೇಕು?

ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗುತ್ತದೆ. ನೀಲಿಯ ಛಾಯೆಗಳು ಒಂದರಿಂದ ಒಂದು ಬೇರೆಯಾಗಿ ಕಾಣುವುದು ಕಡಿಮೆಯಾಗುತ್ತದೆ. ಗಾಢ ನೀಲಿ ನೆಲ, ಗಾಢ ನೀಲಿ ಮೆಟ್ಟಿಲು ಇದ್ದರೆ ಅಂಚು ಎಲ್ಲಿ ಅಂತ ಅವರಿಗೆ ತಿಳಿಯುವುದಿಲ್ಲ. ಹಾಗಾಗಿ ನಿಮ್ಮ ಪಾಲಿನ ಹಳದಿಯಲ್ಲಿ ಮೊದಲ ಹಕ್ಕು ಹೊಸ್ತಿಲಿಗೆ. ಹೊಸ್ತಿಲ ಅಂಚಿಗೆ 2 ಇಂಚಿನ ಹಳದಿ ಪಟ್ಟಿ ಹಾಕಿಸಿ. ಎರಡನೆಯದು ಹಿಡಿದು ಏಳುವ ಸರಳಿಗೆ. ನೀಲಿ ಗೋಡೆಯ ಮೇಲೆ ಹಳದಿ ಸರಳು ಮಂದ ಬೆಳಕಲ್ಲೂ ಬೇಗ ಕೈಗೆ ಸಿಗುತ್ತದೆ. ಆ ಸರಳನ್ನು ಗೋಡೆಯ ಇಟ್ಟಿಗೆಗೇ ಬಿಗಿಸಬೇಕು, ಬರೀ ಟೈಲ್ಸ್‌ಗೆ ಅಂಟಿಸಿದ್ದು ಭಾರ ತಾಳುವುದಿಲ್ಲ. ಕೆಲಸ ನಡೆಯುವಾಗಲೇ ಗೀಸರ್ ಲೈನಿಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿಕೊಳ್ಳಿ.

ಧಾರವಾಡದ ಮಳೆಗಾಲದಲ್ಲಿ ಗೋಡೆ ಕಪ್ಪಾಗುತ್ತದೆ. ಈ ಬಣ್ಣಗಳು ಉಳಿಯುತ್ತವೆಯೇ?

ಜುಲೈ ಜಿಟಿಜಿಟಿ ಮಳೆಯಲ್ಲಿ ಅಲ್ಲಿ ಟವೆಲ್ಲೇ ಒಣಗುವುದಿಲ್ಲ. 6 ಇಂಚಿನ ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಸ್ನಾನ ಮುಗಿದ ಮೇಲೂ ಕಾಲು ಗಂಟೆ ಓಡಲಿ. ಬಾಗಿಲ ಕೆಳಗೆ ಅರ್ಧ ಇಂಚು ಸಂದಿ ಇಲ್ಲದಿದ್ದರೆ ಫ್ಯಾನ್ ಸುಮ್ನೆ ತಿರುಗುತ್ತದೆ, ಗಾಳಿ ಓಡಾಡುವುದಿಲ್ಲ.

ಹಬ್ಬಕ್ಕೆ ಬಚ್ಚಲು ಸಿಂಗರಿಸುವುದು ಹೇಗೆ?

ದೀಪಾವಳಿಯ ನೀರು ತುಂಬುವ ಹಬ್ಬ ಇರುವುದೇ ಬಚ್ಚಲಿಗೆ. ಹಂಡೆ ತೊಳೆದು, ಸುಣ್ಣ-ಕೆಮ್ಮಣ್ಣಿನ ಪಟ್ಟಿ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಕಟ್ಟಿ, ಪೂಜೆ ಮಾಡಿ ನೀರು ತುಂಬುತ್ತೇವೆ. ಹಂಡೆ ಇಲ್ಲದವರು ನೀಲಿ ಡ್ರಮ್ಮಿಗೇ ಕಟ್ಟಿ. ಅದರ ಮೇಲೆ ಒಂದು ಮೊಳ ಹಳದಿ ಚೆಂಡುಹೂವು. ನಿಮ್ಮ ಬಚ್ಚಲಿನ ಎರಡು ಬಣ್ಣವೂ ಆ ಒಂದೇ ಜಾಗದಲ್ಲಿ ಸೇರುತ್ತವೆ. ಬೆಳಗಿನ ಜಾವ ಎಣ್ಣೆ ನೀರು ಹಾಕಿಸಿಕೊಳ್ಳಲು ಕೂತ ಮಕ್ಕಳಿಗೆ ಹಬೆಯ ನಡುವೆ ಅದೇ ಕಾಣುತ್ತಿರುತ್ತದೆ.

ಗೀಸರಿನ ಪೈಪಿಗೆ ಮಾತ್ರ ಮಾಲೆ ಕಟ್ಟಬೇಡಿ. ಬಾಗಿಲ ಚೌಕಟ್ಟಿನ ಮೇಲೆ ಎರಡು ಸ್ಟೀಲ್ ಕೊಕ್ಕೆ ಕಾಯಂ ಹಾಕಿಸಿಡಿ. ಮರುದಿನ ಸಂಜೆಯೊಳಗೆ ಹೂವು ತೆಗೆಯಿರಿ. ಚೆಂಡುಹೂವಿನ ಎಸಳು ಜಾಲರಿಗೆ ಇಳಿದರೆ ನೀರು ಕಟ್ಟಿಕೊಳ್ಳುತ್ತದೆ.